ಕುಡಿಯದೆ ಬಿಟ್ಟ ನೀರು

ಸನ್ಮಾನ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಕೊನೆಗೊಂದು ಫೋಟೊ. ಇಷ್ಟಾದ ಮೇಲೆ ಸನ್ಮಾನಿತರಿಗೆ ಬಾಯಿಯೂ ಇದೆ ಎಂಬುದು ನಮಗೆ ಮರೆತೇ ಹೋಗುತ್ತದೆ. ಬೇರೆಯವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಹೋದ ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನಿರೂಪಕಿ ನಾನೇ. ಮೈಕು ಇದ್ದದ್ದು ನನ್ನ ಕೈಯಲ್ಲೇ.

ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನ ನಮ್ಮ ಮನೆಯ ಪಕ್ಕದಲ್ಲಿ ಒಬ್ಬ ಇಂಗ್ಲಿಷ್ ವೃದ್ಧರಿದ್ದಾರೆ. ನೂರರ ಆಸುಪಾಸಿನ ವಯಸ್ಸು, ಬೆನ್ನು ಮಾತ್ರ ಇನ್ನೂ ನೆಟ್ಟಗಿದೆ. ನಾನು ಬೆಂಗಳೂರಿನವಳು ಎಂದು ತಿಳಿದ ದಿನ ಬೇಲಿಯ ಆಚೆಯಿಂದ, "ಬೆಳ್ಳಂದೂರು ಕೆರೆ ಗೊತ್ತೇ?" ಎಂದು ಕೇಳಿದರು. ನನಗೆ ನಗು ಬಂತು. "ಗೊತ್ತಿಲ್ಲದೆ ಏನು! ಈಗ ಅದು ನೊರೆ ಕಾರುತ್ತದೆ" ಎಂದೆ. ಅವರು ನಗಲಿಲ್ಲ. "ನಾನು ಆ ಕೆರೆಯ ಮೇಲೆ ವಿಮಾನದಲ್ಲಿ ಇಳಿದಿದ್ದೇನೆ" ಎಂದರು. ಪಾಪ, ಅರಳುಮರಳು ಎಂದುಕೊಂಡೆ. ಆಮೇಲೆ ಅವರ ಅಡುಗೆಮನೆಯಲ್ಲಿ ಕೂತು ಪೂರ್ತಿ ಕೇಳಿದೆ.

ಎರಡನೆಯ ಮಹಾಯುದ್ಧದಲ್ಲಿ ಅವರು ಫ್ಲೈಯಿಂಗ್ ಬೋಟಿನ ಸಿಬ್ಬಂದಿಯಲ್ಲಿದ್ದರು. ಹೊಟ್ಟೆ ದೋಣಿಯ ಹಾಗಿದ್ದು, ನೀರಿನ ಮೇಲೇ ಇಳಿದು ನೀರಿನಿಂದಲೇ ಏಳುವ ವಿಮಾನವದು. ಬಂಗಾಳ ಕೊಲ್ಲಿಯ ಮೇಲೆ ಕಾವಲು ಮುಗಿಸಿ ಮದರಾಸಿನ ಕಡೆಯ ನೆಲೆಗೆ ಹಿಂದಿರುಗುವಾಗ ಎರಡು ಎಂಜಿನ್ನುಗಳಲ್ಲಿ ಒಂದು ಕೈಕೊಟ್ಟಿತು. ಭಾರ ಇಳಿಸದಿದ್ದರೆ ಸಮುದ್ರವೇ ಗತಿ. ಬಂದೂಕು, ಗುಂಡು, ಹಾಸಿಗೆ, ಒಲೆ, ಕೈಗೆ ಸಿಕ್ಕಿದ್ದನ್ನೆಲ್ಲ ಹೊರಗೆಸೆದರು. ಆ ಗಡಿಬಿಡಿಯಲ್ಲಿ ಕುಡಿಯುವ ನೀರಿನ ಡಬ್ಬಗಳನ್ನು ಎಸೆದವರು ಈ ವೃದ್ಧರೇ. ಯಾರೂ ಎಸೆ ಎಂದಿರಲಿಲ್ಲ. ಭಾರವಾಗಿದ್ದವು, ಎಸೆದರು.

ಆದರೂ ದಡ ಸಿಗುವ ಮುಂಚೆಯೇ ವಿಮಾನ ಸಮುದ್ರಕ್ಕೆ ಬಡಿದು ಕೂತಿತು. ತಳ ಬಿರುಕು ಬಿಟ್ಟಿತು. ಮೈಮೇಲಿನ ಅಂಗಿ ಬಿಚ್ಚಿ ಬಿರುಕಿಗೆ ತುರುಕುತ್ತ, ಸರದಿಯ ಮೇಲೆ ಉಪ್ಪುನೀರು ಮೊಗೆದು ಚೆಲ್ಲುತ್ತ, ಒಂದೇ ಪಕ್ಕಕ್ಕೆ ಎಳೆಯುವ ಒಂಟಿ ಎಂಜಿನ್ನಿನಲ್ಲಿ ಅದನ್ನು ದೋಣಿಯಂತೆ ದಡದತ್ತ ತೆವಳಿಸಿದರು. ಇಳಿಯುವಾಗ ಏಟು ತಿಂದಿದ್ದ ಗೆಳೆಯನೊಬ್ಬ ದಾರಿಯುದ್ದಕ್ಕೂ ನೀರು, ನೀರು ಎನ್ನುತ್ತಿದ್ದ. ದಡ ಕಣ್ಣಿಗೆ ಬೀಳುವ ಹೊತ್ತಿಗೆ ಸತ್ತುಹೋದ. ಉಳಿದವರು ಜೀವಸಹಿತ ನೆಲೆ ಸೇರಿಕೊಂಡರು.

ತೇಪೆ ಹಾಕಿದ ಅದೇ ವಿಮಾನವನ್ನು ಪೂರ್ತಿ ರಿಪೇರಿಗೆಂದು ಬೆಂಗಳೂರಿಗೆ ಹಾರಿಸಿಕೊಂಡು ಬಂದಾಗ ಇಳಿದದ್ದು ಬೆಳ್ಳಂದೂರು ಕೆರೆಯಲ್ಲಿ. ನೋಡಲು ಊರಿಗೆ ಊರೇ ದಂಡೆಯ ಮೇಲೆ ನೆರೆದಿತ್ತಂತೆ. ಬಿಸಿಲಲ್ಲಿ ಬಂದವರೆಂದು ಒಬ್ಬ ಹೆಂಗಸು ಹಿತ್ತಾಳೆ ಚೊಂಬಿನಲ್ಲಿ ನೀರು, ಅಂಗೈಯಲ್ಲಿ ಒಂದು ತುಂಡು ಬೆಲ್ಲ ತಂದು ಇವರ ಮುಂದೆ ಹಿಡಿದಳು. ಇವರು ಚೊಂಬನ್ನು ತಳ್ಳಿಬಿಟ್ಟರು.

"ಆ ನೀರು ಕುಡಿಯುವ ಯೋಗ್ಯತೆ ನನಗಿಲ್ಲ ಅನ್ನಿಸಿತ್ತು. ತನ್ನ ಕೈಯ ನೀರು ಈ ಬಿಳಿಯನಿಗೆ ಹೊಲಸು ಎಂದು ಅವಳು ತಿಳಿದಳು. ಅವಳ ಮುಖ ನೋಡಿದೆ. ಹೇಳಲು ನನಗೆ ನಿಮ್ಮ ಭಾಷೆ ಬರುತ್ತಿರಲಿಲ್ಲ" ಎಂದರು.

ಮನೆಗೆ ಬಂದವರಿಗೆ ನೀರು ಬೆಲ್ಲ ಕೊಡುತ್ತಿದ್ದ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು. ಆ ಹೆಂಗಸಿಗೆ ಏನನ್ನಿಸಿತು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ, "ನನ್ನ ಹತ್ತಿರ ಹೇಳಿದಿರಲ್ಲ, ಸಾಕು ಬಿಡಿ" ಎಂದೆ. ಅವರು ಒಪ್ಪದೆ ತಲೆಯಾಡಿಸಿದರು. "ನಾನು ಅವಳ ಮರ್ಯಾದೆ ಕಳೆದದ್ದು ಊರವರ ಮುಂದೆ. ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ತೀರುವುದಿಲ್ಲ. ನಿಮ್ಮ ಜನರ ಮುಂದೆ ನಿಂತು ಒಮ್ಮೆ ಕ್ಷಮೆ ಕೇಳಬೇಕು."

ಸರಿ, ರಾಜ್ಯೋತ್ಸವಕ್ಕೆ ಬನ್ನಿ ಎಂದೆ. ಕರೆದದ್ದು ಅವರಿಗಾಗಿ ಎಂದರೆ ಅರ್ಧ ಸುಳ್ಳು. ಮ್ಯಾಂಚೆಸ್ಟರ್ ಕಡೆಯ ಕನ್ನಡ ಸಂಘದವರು ಸಿನಿಮಾ ನಟನನ್ನು ಕರೆಸಿ ಮೆರೆದಿದ್ದರು. ನಮ್ಮಲ್ಲಿ ಯುದ್ಧವೀರ ಎಂದು ವಾಟ್ಸಾಪಿನಲ್ಲಿ ಅವರ ಫೋಟೊ ಹಾಕಿ ಲೈಕು ಎಣಿಸಿದವಳು ನಾನು. ನೀರಿನ ಕಥೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅದನ್ನು ಅವರ ಬಾಯಲ್ಲೇ ಕೇಳಿ ಸಭೆ ದಂಗಾಗಲಿ ಎಂಬ ಆಸೆ.

ಬೆಳಗಿನ ಕಾರ್ಯಕ್ರಮ ನಮ್ಮ ಪದ್ಧತಿಯಂತೆ ತಡವಾಗಿಯೇ ಶುರುವಾಯಿತು. ಮಾರ್ಟ್‌ಗೇಜ್ ಸಲಹೆ ಕೊಡುವ ಪ್ರಾಯೋಜಕರು "ಎರಡೇ ಮಾತು" ಎಂದು ಮೈಕು ಹಿಡಿದವರು ಬಡ್ಡಿದರದ ಪುರಾಣವನ್ನೇ ಓದಿದರು. ಮಕ್ಕಳ ನೃತ್ಯಕ್ಕೆ ಒನ್ಸ್ ಮೋರ್. ಅಷ್ಟು ಹೊತ್ತೂ ವೃದ್ಧರು ಮುಂದಿನ ಸಾಲಿನಲ್ಲಿ ಟೈ ಕಟ್ಟಿಕೊಂಡು, ತುಟಿ ಅಲ್ಲಾಡಿಸುತ್ತ, ತಮ್ಮ ಮಾತನ್ನು ಉರು ಹೊಡೆಯುತ್ತಿದ್ದರು. ವೇದಿಕೆಯ ಪಕ್ಕಕ್ಕೆ ಅಧ್ಯಕ್ಷರು ಬಂದರು.

"ಮೇಡಂ, ಬಿಸಿಬೇಳೆಬಾತ್ ಗಟ್ಟಿ ಆಗ್ತಿದೆ. ಹಾಲ್ ಕೇರ್‌ಟೇಕರ್ ಬೇರೆ ಬಂದು ವಾಚ್ ತೋರಿಸಿ ಹೋದ. ಸನ್ಮಾನ ಮಾಡಿ ಮುಗಿಸ್ಬಿಡಿ."

"ಸರ್, ತಾತ ಮಾತಾಡ್ಬೇಕು ಅಂತಾನೇ ಬಂದಿರೋದು."

"ಅಯ್ಯೋ, ಇಷ್ಟು ಹೊತ್ತು ಕೂತಿದಾರೆ, ಅವರಿಗೂ ಹಸಿವಾಗಿರುತ್ತೆ. ಫೋಟೊ ಚೆನ್ನಾಗಿ ಬರ್ಲಿ, ಸಾಕು."

ನಾನು ಜಗಳವಾಡಬಹುದಿತ್ತು. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ರೋಟಾದ, ಅಂದರೆ ಪಾಳಿಪಟ್ಟಿಯ ವಿಷಯಕ್ಕೆ ಮ್ಯಾನೇಜರುಗಳ ಬೆವರಿಳಿಸುವ ಹೆಂಗಸು ನಾನು. ಅಲ್ಲಿ ಮಾತ್ರ ಹಲ್ಲು ಕಿರಿದು "ಆಯ್ತು ಸರ್" ಎಂದೆ. ಶಾಲು ಹೊದಿಸಿದರು, ಪೇಟ ತೊಡಿಸಿದರು. ಪೇಟ ದೊಡ್ಡದಾಗಿ ಹುಬ್ಬಿನ ತನಕ ಇಳಿಯಿತು. ಫೋಟೊ ಆಯಿತು. ಆಗ ಅವರು ಮೇಜಿನ ಅಂಚು ಹಿಡಿದು ನೆಟ್ಟಗೆ ನಿಂತು, ನನ್ನ ಕೈಯಿಂದ ಮೈಕು ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡರು. "ಲೇಡೀಸ್ ಅಂಡ್ ಜೆಂಟಲ್‌ಮೆನ್" ಎಂದದ್ದಷ್ಟೇ. ಊಟಕ್ಕೆ ಮುಂದು, ಕೆಲಸಕ್ಕೆ ಹಿಂದು ಎನ್ನುತ್ತಾರಲ್ಲ, ಹಿಂದಿನ ಸಾಲುಗಳು ಆಗಲೇ ಎದ್ದಿದ್ದವು. ಕುರ್ಚಿಗಳ ಸದ್ದು. ನಾನು ನಗುತ್ತಲೇ ಮೈಕನ್ನು ವಾಪಸು ತೆಗೆದುಕೊಂಡು, "ಜೋರಾದ ಚಪ್ಪಾಳೆ, ಎಲ್ಲರೂ ಊಟಕ್ಕೆ ದಯಮಾಡಿಸಿ" ಎಂದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಹಿಡಿತ ಬಿಡಿಸುವಾಗ ಅವರ ಬೆರಳು ತಣ್ಣಗಿದ್ದವು. ಅವರು ಎಳೆದಾಡಲಿಲ್ಲ, ಸುಮ್ಮನೆ ಬಿಟ್ಟುಕೊಟ್ಟರು.

ಊಟ ಅವರಿಗೆ ಸೇರಲಿಲ್ಲ. ಮಧ್ಯಾಹ್ನವೇ ಕಾರಿನಲ್ಲಿ ಮನೆಗೆ ಕರೆದುಕೊಂಡು ಹೊರಟೆ. ರೇಡಿಯೊ ಹಾಕಿದೆ, ಆರಿಸಿದೆ. ಕಡೆಗೆ ಅವರೇ ಬಾಯಿ ತೆರೆದರು.

"ನೀವು ಅವರಿಗೆ ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು. ನನ್ನ ಮಾತು ಅವರಿಗೆ ಬೇಡವಾಗಿದ್ದರೆ ಅದು ಅವರ ಹಕ್ಕು. ಮರ್ಯಾದೆಯಾಗಿಯೇ ಬೇಡವೆಂದರು."

ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾವು ಕ್ಷಮಿಸಲಿಲ್ಲ ಎಂದು ಅವರು ತಿಳಿದಿದ್ದರು. ಆ ಹೆಂಗಸಿನ ಪರವಾಗಿ ಒಂದು ಸಭೆಯೇ ಎದ್ದು ನಡೆಯಿತು ಎಂದುಕೊಂಡಿದ್ದರು. ಹಾಗೇ ಬಿಟ್ಟುಬಿಡೋಣವೇ ಎಂಬ ಯೋಚನೆಯೂ ನನಗೆ ಬಂತು, ಯಾಕೆಂದರೆ ಅದರಲ್ಲಿ ನಮಗೆ ಒಂದಿಷ್ಟು ಮಾನವಿತ್ತು. ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ.

"ಇಲ್ಲ. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಯಾರಿಗೂ ಕೋಪವಿಲ್ಲ. ಊಟ ಆರುತ್ತಿತ್ತು, ಅಷ್ಟೇ."

ಅವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದು ಕಾದೆ.

"ಹಾಗಾದರೆ ಅವರಿಗೆ ಇನ್ನೂ ಗೊತ್ತಿಲ್ಲ" ಎಂದರು. ಮುಖ ಬೆಳಗಿತ್ತು. "ಮುಂದಿನ ವರ್ಷ ಊಟಕ್ಕೆ ಮುಂಚೆ ನನ್ನನ್ನು ಕರೆಯುತ್ತೀರಾ?"

ಹೂಂ ಎಂದೆ. ನೂರರ ಆಸುಪಾಸಿನವರಿಗೆ ಮುಂದಿನ ವರ್ಷದ ಮಾತು ಕೊಡುವಾಗ ಅವರ ಮುಖ ನೋಡಲಾಗಲಿಲ್ಲ.