ಹನ್ನೊಂದು ಚಕ್ಕಡಿ, ಒಂದೇ ವೇಳೆ

ಸಿರಸಂಗಿಯ ಶಂಕರೆಪ್ಪ ಅಹಂಕಾರಿ. ಅವನು ತನ್ನ ತಪ್ಪು ಒಪ್ಪಿಕೊಂಡದ್ದನ್ನು ಹೆಂಡತಿಯೂ ಕಂಡಿರಲಿಲ್ಲ. ಬೈಲಹೊಂಗಲದ ಆಚೆಗಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಖೋಲಿ ಅವನ ಸಂಸ್ಥಾನ. ಮ್ಯಾನೇಜರರ ಮೇಜಿನ ಮೇಲೆ 'ಚೂಕಿನ ವಹಿ' ಎಂಬ ಕೆಂಪು ರಟ್ಟಿನ ಪುಸ್ತಕವನ್ನು ತಂದಿಟ್ಟವನೂ ಅವನೇ. ತಪ್ಪು ಮಾಡಿದವರು ಅದರಲ್ಲಿ ಬರೆದು ಸಹಿ ಹಾಕಬೇಕು. ಐದು ವರ್ಷಗಳಲ್ಲಿ ಎಲ್ಲರ ಹೆಸರೂ ಬಂದಿತ್ತು, ಅವನದೊಂದನ್ನು ಬಿಟ್ಟು.

೨೦೦೧ರ ಹಂಗಾಮಿನ ಮೂರನೆಯ ದಿನ ಲಾರಿ ಡ್ರೈವರುಗಳು ಗದ್ದಲ ಎಬ್ಬಿಸಿದರು. ಕಬ್ಬಿನ ಗಾಡಿ ಬಂದ ಕೂಡಲೇ ಗೇಟಿನ ಗುಮಾಸ್ತ ಗೌಸಸಾಬ ಅದರ ನಂಬರು ಟೈಪ್ ಮಾಡುತ್ತಿದ್ದ. ಯಂತ್ರ ತಾನೇ ನಂಬರಿನ ಬೆನ್ನಿಗೆ ವೇಳೆ ಸೇರಿಸಿ ಇಂಡೆಕ್ಸಿನಲ್ಲಿ, ಅಂದರೆ ತನ್ನ ಸೂಚಿಯಲ್ಲಿ, ಇಡುತ್ತಿತ್ತು. ಆ ವೇಳೆಯನ್ನು ಹೊರತೆಗೆದು ಪಾಳಿಯ ಪಟ್ಟಿ ಮುದ್ರಿಸುವುದು ಶಂಕರೆಪ್ಪ ಆರ್‌ಪಿಜಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಅಂದಿನ ಪಟ್ಟಿಯಲ್ಲಿ ಹನ್ನೊಂದು ಎತ್ತಿನ ಚಕ್ಕಡಿಗಳ ಮುಂದೆ ಒಂದೇ ವೇಳೆ: ಆರು ಗಂಟೆ ಹನ್ನೆರಡು ನಿಮಿಷ. ಅವು ಬಂದದ್ದು ಎಂಟರ ಮೇಲೆ ಎಂದು ಎಲ್ಲರಿಗೂ ಗೊತ್ತಿತ್ತು. ಅವಕ್ಕಿಂತ ಮೊದಲು ಬಂದ ಲಾರಿಗಳು ಪಾಳಿಯಲ್ಲಿ ಹಿಂದೆ ಬಿದ್ದಿದ್ದವು.

"ಗೌಸಸಾಬ ತನ್ನ ಗುರ್ತಿನವರ ಚಕ್ಕಡಿ ಇನ್ನೂ ಹಾದ್ಯಾಗ ಇದ್ದಾಗನ ನಂಬರ್ ಹೊಡದಾನ್ರಿ," ಎಂದ ಡ್ರೈವರ್ ಬೀರಪ್ಪ.

ಮ್ಯಾನೇಜರ್ ಬಸಲಿಂಗಪ್ಪ ಶಂಕರೆಪ್ಪನನ್ನು ಕೇಳಿದರು.

"ಮಷೀನ್ ಸುಳ್ಳ ಹೇಳೂದಿಲ್ರಿ," ಎಂದ ಅವನು.

ಅಷ್ಟು ಸಾಕಾಯಿತು. ಸಂಜೆ ಐದಕ್ಕೆ ಗೌಸಸಾಬನ ಕೈಗೆ ಕೆಲಸದಿಂದ ತೆಗೆದ ಕಾಗದ ಬರಲಿತ್ತು.

ಗೌಸಸಾಬ ಕಂಪ್ಯೂಟರ್ ಖೋಲಿಯ ಬಾಗಿಲಿಗೆ ಬಂದು ನಿಂತ. "ಸಾಹೇಬ್ರ, ನಾ ಒಂದ ಬೆರಳಿಲೆ ಹೊಡಿಯಾಂವ. ಒಂದ ನಿಮಿಷದಾಗ ಹನ್ನೊಂದ ನಂಬರ್ ಹೊಡದಿದ್ರ ನೀವ ನನಗ ಬಡ್ತಿ ಕೊಡಬೇಕಾಗಿತ್ತು."

"ನಡಿ, ನನಗ ಕೆಲಸ ಐತಿ."

ಆದರೆ ಶಂಕರೆಪ್ಪನ ಕೆಲಸ ಸಾಗಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ಕಿಟಕಿಗೆ ಹೋದ, ಬಂದು ಕುಳಿತ, ಮತ್ತೆ ಎದ್ದ. ಪಟ್ಟಿಯಲ್ಲಿ ಬರುವುದು ನಿಮಿಷದವರೆಗೆ ಮಾತ್ರ. ಪ್ರೋಗ್ರಾಮನ್ನು ಒಂದೊಂದೇ ಸಾಲು ನಡೆಸಿ ಸೆಕೆಂಡುಗಳನ್ನು ನೋಡಿದ. ಹನ್ನೊಂದಕ್ಕೂ ಒಂದೇ ಸೆಕೆಂಡು. ಸೆಕೆಂಡಿನ ನೂರನೆಯ ಪಾಲೂ ಒಂದೇ. ಇದನ್ನು ಒಂದು ಬೆರಳಲ್ಲ, ಹನ್ನೊಂದು ಕೈಗಳೂ ಮಾಡಲಾರವು.

ಗೇಟಿಗೆ ನಡೆದ. ಚಕ್ಕಡಿಗಳ ಸುತ್ತ ತಿರುಗಿ ಮರಳಿದ. ಖೋಲಿಯಲ್ಲಿ ಕೂರಲಾಗದೆ ಮತ್ತೆ ಹೋದ.

"ಏನ ಕಳಕೊಂಡೀರಿ, ಸಾಹೇಬ್ರ?" ಎಂದ ಗೌಸಸಾಬ.

"ನಿನ್ನ ತಲಿ. ಹೋದ ವರ್ಷ ಚಕ್ಕಡಿ ನಂಬರ್ ಎಲ್ಲಿ ಹೊಡಿತಿದ್ರಿ?"

"ಹೋದ ವರ್ಷ ಅವಕ್ಕ ಹಿಂದಿನ ಗೇಟ್ ಇತ್ತಲ್ರಿ. ಹಾಳಿ ಮ್ಯಾಲ ಬರೀತಿದ್ವಿ. ಈ ಸಲ ಎಲ್ಲಾ ಮಷೀನಿಗೆ ಬರ್ಲಿ ಅಂದವ್ರು ನೀವ. ಚಕ್ಕಡಿ ಬಂದದ್ದ ಇವತ್ತ ಮೊದಲ."

ಶಂಕರೆಪ್ಪ ಎದುರಿನ ಚಕ್ಕಡಿಯ ನೊಗ ನೋಡಿದ. ಬಿಳಿ ಬಣ್ಣದಲ್ಲಿ ಎರಡೇ ಅಂಕಿ: ನಲವತ್ತೇಳು.

ಲಾರಿಯ ನಂಬರಿಗೆ ಹತ್ತು ಅಕ್ಷರ. ಅದಕ್ಕೇ ಹನ್ನೊಂದನೆಯ ಅಕ್ಷರದ ಮನೆಯಿಂದ ವೇಳೆಯನ್ನು ಎತ್ತಿಕೊಳ್ಳುವಂತೆ ಅವನು ಬರೆದಿದ್ದ. ಚಕ್ಕಡಿಯ ವೇಳೆ ಮೂರನೆಯ ಮನೆಯಲ್ಲೇ ಶುರುವಾಗಿ ಹತ್ತರಲ್ಲಿ ಮುಗಿಯುತ್ತಿತ್ತು. ಹನ್ನೊಂದರಿಂದ ಮುಂದೆ ಉಳಿದದ್ದು, ನಂಬರಿನ ಕ್ರಮದಲ್ಲಿ ಚಕ್ಕಡಿಗಳಿಗೂ ಮೊದಲು ಓದಿದ ಕೊನೆಯ ಲಾರಿಯ ವೇಳೆ. ಪ್ರತಿ ಸಲ ಜಾಗವನ್ನು ಖಾಲಿ ಮಾಡಿಕೊಳ್ಳುವ ಒಂದು ಸಾಲನ್ನು ಅವನು ಬರೆದೇ ಇರಲಿಲ್ಲ. ತೊಳೆಯದ ಚರಿಗೆಯಲ್ಲಿ ಹಾಲು ಅಳೆದಂತಾಗಿತ್ತು.

ತಿದ್ದಿ ಮತ್ತೆ ಮುದ್ರಿಸಿದ. ಎಂಟು ಐದು, ಎಂಟು ಹತ್ತೊಂಬತ್ತು, ಎಂಟು ಮೂವತ್ತು. ಚಕ್ಕಡಿಗಳು ಬಂದ ಹಾಗೆ ವೇಳೆಗಳೂ ಬಂದವು.

ಹೊಸ ಪಟ್ಟಿ ನೋಡಿ ಬಸಲಿಂಗಪ್ಪ ಗೌಸಸಾಬನ ಕಾಗದವನ್ನು ಹರಿದು ಹಾಕಿದರು. ಕೆಂಪು ವಹಿ ತೆರೆದು ತಾವೇ ಬರೆದರು: ಮಷೀನಿನ ಚೂಕು.

"ಇಷ್ಟ ಸಾಕ ಬಿಡ್ರಿ. ಮಷೀನಿಗೆ ಯಾರ ನೋಟೀಸ್ ಕೊಡತಾರ?"

ಶಂಕರೆಪ್ಪ ತಲೆಯಾಡಿಸಿ ಹೊರಟ. ಹೊಸ್ತಿಲಲ್ಲಿ ನಿಂತ. ಹಿಂದಿರುಗಿ ಬಂದು ವಹಿಯನ್ನು ತನ್ನ ಕಡೆಗೆ ಎಳೆದುಕೊಂಡ.

"ಮಷೀನ್ ಸುಳ್ಳ ಹೇಳೂದಿಲ್ರಿ," ಎಂದ, ಅದೇ ಒರಟು ದನಿಯಲ್ಲಿ.

'ಮಷೀನಿನ' ಎಂಬುದನ್ನು ಹೊಡೆದು ಹಾಕಿ, ಮೇಲೆ ತನ್ನ ಹೆಸರು ಬರೆದ. ಸಹಿ ಹಾಕಿ, ಗೋಡೆಯ ಗಡಿಯಾರ ನೋಡಿ, ವೇಳೆಯನ್ನೂ ನಮೂದಿಸಿದ.