ಮ್ಯಾನಿಫೋಲ್ಡ್ ಮೇಲಿನ ಮೂರು ಗೆರೆ

ನಾನು ಹೊಡೆದ ಬಣ್ಣ ಎದ್ದು ಬರುವುದಿಲ್ಲ ಅನ್ನುವ ಕೊಬ್ಬು ನನಗೆ ಬಹಳ ಇತ್ತು. ರಾಯಚೂರಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುತ್ತಲೇ ಕೂದಲು ನೆರೆತವನು ನಾನು. ಆ ಕೊಬ್ಬು ಇಳಿಸಿದ್ದು ಮಾನ್ವಿಯ ಒಂದು ಹಳೆಯ ಲಾರಿ.

ಅಕ್ಕಿ ಗಿರಣಿಯವರ ಲಾರಿ ಅದು. ಮೂಗು ಮುಂದಕ್ಕೆ ಚಾಚಿದ, ಈಗ ಎಲ್ಲೂ ಕಾಣಸಿಗದ ಮಾದರಿ. ದೇವದುರ್ಗದ ಕಡೆಯಿಂದ ಭತ್ತ ತರಲು ಗಿರಣಿಯ ಯಜಮಾನರೇ ಅದನ್ನು ಓಡಿಸುತ್ತಿದ್ದರಂತೆ. ಮೂರು ವರ್ಷದ ಹಿಂದೆ ರಾಯಚೂರಿಗೆ ಬರುವಾಗ, ಕಲ್ಮಲ ದಾಟಿದ ಮೇಲೆ ಲಾರಿ ಬದಿಗೆ ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಹೋಗಿಬಿಟ್ಟರು. ಜನ ಬಂದು ನೋಡಿದಾಗ ಇಂಜಿನ್ ಇನ್ನೂ ಓಡುತ್ತಿತ್ತು. ಅಂದಿನಿಂದ ಶೆಡ್ಡಿನಲ್ಲಿ ಮುಚ್ಚಿಟ್ಟಿದ್ದನ್ನು ಅವರ ಮಗ ಈಗ ನನ್ನ ಅಂಗಡಿಗೆ ಎಳೆಸಿಕೊಂಡು ಬಂದಿದ್ದರು.

"ಅಪ್ಪಾರು ಇದ್ದಾಗ ಹೆಂಗಿತ್ತೋ ಹಂಗ ಮಾಡಿಕೊಡ್ರಿ," ಅಂದರು.

ಇಂಜಿನ್ನಿನ ಬಿಸಿ ಹೊಗೆಯನ್ನು ಕೂಡಿಸಿ ಸೈಲೆನ್ಸರಿಗೆ ಕಳಿಸುವ ಬೀಡುಕಬ್ಬಿಣದ ಕೊಳವೆಯೇ ಮ್ಯಾನಿಫೋಲ್ಡ್. ಅದಕ್ಕೆ ಬಣ್ಣ ಕೇಳುವವರು ಅಪರೂಪ. ತುಕ್ಕು ಕೆರೆದು, ಥಿನ್ನರಿನಲ್ಲಿ ಒರೆಸಿ, ಕಾವು ತಡೆಯುವ ಕಪ್ಪು ಬಣ್ಣ ಹೊಡೆಯಬೇಕು. ಆಮೇಲೆ ಜೋಡಿಸಿ ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಮತ್ತೆ ಓಡಿಸಬೇಕು. ಆ ಕಾವಿಗೇ ಬಣ್ಣ ಬೇಯುವುದು. ಒರೆಸಿದ ಕಬ್ಬಿಣಕ್ಕೆ ಬರಿಗೈ ಮಾತ್ರ ತಾಗಬಾರದು, ಜಿಡ್ಡಿದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಇದನ್ನು ಎಷ್ಟೋ ಜನರಿಗೆ ಬೈದು ಬೈದು ಕಲಿಸಿದ್ದೇನೆ.

ಮಧ್ಯಾಹ್ನ ಇಂಜಿನ್ ಓಡಿಸಿದೆ. ಬಿಸಿಲಿಗೆ ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಕಬ್ಬಿಣ ಕಾದಂತೆ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಎಣ್ಣೆ ಹಚ್ಚಿದ ತಲೆಯೊಂದು ನನ್ನ ಪಕ್ಕದಲ್ಲೇ ಬಗ್ಗಿ ಇಂಜಿನ್ ನೋಡುತ್ತಿದ್ದರೆ ಬರುವಂಥ ವಾಸನೆ. ತಿರುಗಿ ನೋಡಿದೆ, ಯಾರೂ ಇಲ್ಲ. ಅಷ್ಟರಲ್ಲಿ ಬಣ್ಣ ಗುಳ್ಳೆಯೆದ್ದು ಸಿಡಿಯಿತು. ಒಂದರ ಕೆಳಗೊಂದು ಮೂರು ಅಡ್ಡ ಗೆರೆ, ಬೂದು ಬಣ್ಣದವು. ಹಣೆಯ ಮೇಲೆ ವಿಭೂತಿ ಎಳೆದ ಹಾಗೆ.

ಪೂರ್ತಿ ಕೆರೆದು ಮತ್ತೆ ಹೊಡೆದೆ. ಎರಡು ದಿನ ಬಿಟ್ಟು ಓಡಿಸಿದರೆ ಅದೇ ವಾಸನೆ, ಅದೇ ಜಾಗ, ಅವೇ ಮೂರು ಗೆರೆ. ದೆವ್ವ ಭೂತ ಅನ್ನುವವರನ್ನು ಗೇಲಿ ಮಾಡುವವನು ನಾನು. ಅವತ್ತು ಇಂಜಿನ್ ಆರಿಸಲು ಕೈ ಚಾಚುವುದಕ್ಕೂ ಹೆದರಿದೆ.

ಅದೇ ಹೊತ್ತಿಗೆ ಮಗನ ಜೊತೆ ತಾಯಿಯೂ ಲಾರಿ ನೋಡಲು ಬಂದರು. ತಾಯಿಯ ಕಣ್ಣು ನೇರವಾಗಿ ಗೆರೆಗಳ ಮೇಲೆ ಬಿತ್ತು.

"ಅಕ್ಕಾರ, ಬಣ್ಣ ನಿಲ್ಲವಲ್ದು. ಎರಡ ಸಲ ಹಿಂಗ ಆತು," ಅಂದೆ.

ಅವರು ಪಕ್ಕದಲ್ಲಿದ್ದ ಟೈರಿನ ಮೇಲೆ ಕುಳಿತುಬಿಟ್ಟರು.

"ಆ ದಿನ ಅವರಿಗಿ ಜ್ವರ ಇತ್ರಿ. ಹೋಗಬ್ಯಾಡ್ರಿ ಅಂದೆ, ಕೇಳಲಿಲ್ಲ. ದಿನಾ ವಿಭೂತಿ ಗಟ್ಟಿ ಅವರ ಮುಂದ ಇಡಾಕಿ ನಾನು, ಸಿಟ್ಟಿಗಿ ಅವತ್ತ ಇಡಲಿಲ್ಲ. ಬರೇ ಹಣಿಲೇ ಹೋದ್ರು. ಕಣ್ಣು ಮುಚ್ಚಿದ್ರ ಆ ಬರೇ ಹಣಿನೇ ಕಾಣ್ತದ ನನಗ." ಗೆರೆಗಳತ್ತ ನೋಡಿದರು. "ಇಲ್ಲಪ್ಪಾ, ತಾವೇ ಹಚ್ಚಿಕೊಂಡು ಹೋಗ್ಯಾರ. ಇಲ್ಲಿ ಕೈ ಒರಿಸ್ಯಾರ ನೋಡು. ಅಳಿಸಬ್ಯಾಡ."

ಹೋಗುವಾಗ ಅವರ ಮುಖ ಹಗುರಾಗಿತ್ತು. ಅವರು ಹೋದ ಮೇಲೆ, ಕಬ್ಬಿಣ ಆರಿದ್ದು ನೋಡಿ, ನನ್ನ ಮೂರು ಬೆರಳನ್ನು ಗೆರೆಗಳ ಮೇಲಿಟ್ಟೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ತಟ್ಟನೆ ಕೈ ಕಿತ್ತುಕೊಂಡೆ.

ಮರುದಿನ ಬೆಳಿಗ್ಗೆ ಇನ್ನಾರದೋ ಸೈಲೆನ್ಸರ್ ಪೈಪು ಒರೆಸಿ ಕೆಳಗಿಟ್ಟೆ. ಆಗ ಕಂಡೆ: ನನ್ನ ಬಲಗೈ ತಾನಾಗಿ ಹೋಗಿ ಮೂರು ಬೆರಳಿನಿಂದ ಪೈಪು ಮುಟ್ಟಿ ಬಂದು ಕಣ್ಣಿಗೊತ್ತಿಕೊಂಡಿತು. ಯಾರದೋ ಕೈ ನೋಡಿದಂತಾಯಿತು. ಬೆಳಿಗ್ಗೆ ನಾನು ವಿಭೂತಿ ಹಚ್ಚಿಕೊಂಡು, ತಲೆಗೆ ಕೊಬ್ಬರಿ ಎಣ್ಣೆ ಸವರಿಕೊಂಡ ಬೆರಳುಗಳೇ ಅವು. ಮೊದಲ ಸಲ ಬಣ್ಣ ಹೊಡೆಯುವ ಮುಂಚೆ ನಾನು ದಿನವೂ ಮಾಡುತ್ತಿದ್ದದ್ದೇ ಅದು. ಮುಟ್ಟಬೇಡಿ ಎಂದು ಊರಿಗೆಲ್ಲ ಹೇಳಿದವನು ಇದನ್ನು ಮುಟ್ಟುವುದೆಂದು ಎಣಿಸಿಯೇ ಇರಲಿಲ್ಲ, ನಮಗದು ನಮಸ್ಕಾರ. ಕಾವು ತಾಗದ ಬಾಗಿಲು, ಬಾನೆಟ್ಟುಗಳಲ್ಲಿ ಬಣ್ಣದಡಿ ಅಡಗಿ ಕೂತಿದ್ದ ಆ ಬೆರಳಿನ ಜಿಡ್ಡು ಮ್ಯಾನಿಫೋಲ್ಡಿನ ಕಾವಿಗೆ ಬಯಲಾಗಿತ್ತು.

ಹೆದರಿಕೆ ಹೋಯಿತು, ನಾಚಿಕೆ ಬಂತು. ಅದಕ್ಕಿಂತ ದೊಡ್ಡ ಸಂಕಟ ಆ ತಾಯಿಗೆ ಏನು ಹೇಳುವುದೆಂಬುದು. ಗೆರೆಗಳನ್ನು ಹಾಗೆಯೇ ಬಿಟ್ಟು ಲಾರಿ ಕಳಿಸಿದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಮನಸ್ಸು ತಡೆಯಲಿಲ್ಲ. ಬಣ್ಣದ ಡಬ್ಬಿ ಹಿಡಿದು ಮಾನ್ವಿಗೆ ಹೋದೆ. ಆ ತಾಯಿ ಶೆಡ್ಡಿನಲ್ಲಿ ಬಾನೆಟ್ ಎತ್ತಿಸಿಕೊಂಡು ನಿಂತಿದ್ದರು.

"ಅಕ್ಕಾರ, ಆ ಗೆರಿ..."

"ಅವರ ಬೆರಳು ಇಷ್ಟು ದಪ್ಪ ಇದ್ದಿಲ್ರಿ," ಅಂದರು. ನನ್ನ ಬಲಗೈ ನೋಡಿದರು, ಬಹಳ ಹೊತ್ತು. "ಒಂದ ರಾತ್ರಿ ನಿದ್ದಿ ಹತ್ತಿತ್ತು. ಈಗ ಮತ್ತ ಬರೇ ಹಣಿ ಕಾಣಾಕತ್ತದ. ಅಳಿಸಿಬಿಡಪ್ಪಾ."

ಮ್ಯಾನಿಫೋಲ್ಡ್ ಬಿಚ್ಚಿ ಅಲ್ಲೇ ಕೆರೆದೆ, ಒರೆಸಿದೆ. ಬಲಗೈ ತಾನಾಗಿ ಎದ್ದಿತು. ಎಡಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಹಿಡೀಬ್ಯಾಡ," ಅಂದರು ಅವರು ಹಿಂದಿನಿಂದ. "ಬಣ್ಣ ಹೋದ್ರ ಹೋಗಲಿ. ಈ ಸಲನೂ ಬರೇ ಹಣಿಲೇ ಕಳಿಸಬಾರದು."

ನಾನು ಮುಟ್ಟಿ ಕಣ್ಣಿಗೊತ್ತಿಕೊಂಡೆ.