ಕಣ್ಣು ಬಾಜೂಕ ಇರಲಿ

ಖಾನಾಪುರದ ಮಲೇರಿಯಾ ಆಫೀಸಿನಲ್ಲಿ ರಕ್ತ ಪರೀಕ್ಷಿಸುತ್ತಿದ್ದ ನನ್ನ ಹಿರಿಯ ಸಹೋದ್ಯೋಗಿ ಸೂಕ್ಷ್ಮದರ್ಶಕವನ್ನು ಕುತ್ತಿಗೆಗೊಂದು, ಬುಡಕ್ಕೊಂದು ಕೈ ಕೊಟ್ಟು ಹಸುಗೂಸಿನಂತೆ ಎತ್ತುತ್ತಿದ್ದರು.

“ಲೆನ್ಸ್ ಇಳಸುಮುಂದ ಕಣ್ಣು ಬಾಜೂಕ ಇರಲಿ, ತಮ್ಮಾ. ಒಳಗ ನೋಡಕೋತ ಇಳಸಿದ್ರ ಗಾಜ ಒಡೀತದ,” ಎನ್ನುತ್ತಿದ್ದರು. ಬಾವಿಗೆ ಕೊಡ ಬಿಡುವಾಗಲೂ ಅವರು ಪಕ್ಕಕ್ಕೆ ಬಾಗಿಯೇ ನೋಡುತ್ತಿದ್ದರು.

ಒಮ್ಮೆ ಅವರಿಲ್ಲದಾಗ ನಾನು ಒಳಗೆ ನೋಡುತ್ತಲೇ ಲೆನ್ಸ್ ಇಳಿಸಿದೆ. ಪೈಲವಾನನೊಬ್ಬನ ರಕ್ತ ಸವರಿದ ಗಾಜು ಪಟ್ಟೆಂದು ಒಡೆಯಿತು. ಸೂಜಿಗೆ ಹೆದರುವ ಅವನನ್ನು ಮತ್ತೆ ಕರೆಸಬೇಕಾಯಿತು.

“ಯಾವಾಂವಲೇ ಒಡದಾಂವ?” ಪೈಲವಾನ ಗುಡುಗಿದ. ನಾನು ತಲೆ ತಗ್ಗಿಸಿ ಹತ್ತಿಗೆ ಸ್ಪಿರಿಟ್ ಹಚ್ಚತೊಡಗಿದೆ.

“ನಾನ ರೀ,” ಎಂದರು ಹಿರಿಯರು. “ಈಗ ಕಣ್ಣು ಬಾಜೂಕ ಇರಲಿ, ಪೈಲವಾನ್ರ.”

ಅವನು ಅತ್ತ ತಿರುಗುವಷ್ಟರಲ್ಲಿ ಚುಚ್ಚಿ ಮುಗಿಸಿದರು. ಬೈಗುಳವೆಲ್ಲ ಅವರ ಪಾಲಿಗೆ ಬಂತು. ನಾನು ಅವನ ಇನ್ನೊಂದು ಕೈ ಹಿಡಿದು ಧೈರ್ಯ ಹೇಳಿದ್ದಕ್ಕೆ ಪೈಲವಾನ ನನಗೆ ಬೆಳಗಾವಿಯ ಕುಂದಾ ತಂದುಕೊಟ್ಟ. ತಿಂದೆ. ಬಹಳ ರುಚಿಯಾಗಿತ್ತು, ಅದೇ ನಾಚಿಕೆ.